ಪಂಕ್ತಿಯಲ್ಲಿ ಜಾಗ ಸಾಲದಾದಾಗ

ಪ್ರಶ್ನೆ: ನಮ್ಮೂರು ಬಳ್ಳಿಗಾವಿ. ದೇವಸ್ಥಾನ ನೋಡಲು ಬಂದವರು ಒಂದು ಬಾಳೆಹಣ್ಣು ಎಸೆದರೆ ಸಾಕು, ಮಂಗಗಳು ಒಂದರ ಮೇಲೊಂದು ಬಿದ್ದು ಕಚ್ಚಾಡುತ್ತವೆ. ಅದೇ ಜಾತಿಯ ಮಂಗಗಳು ಕಾಡಂಚಿನಲ್ಲಿ ಒಂದೇ ಮರದಲ್ಲಿ ಹತ್ತಿಪ್ಪತ್ತು ಕೂತು ತೆಪ್ಪಗೆ ಚಿಗುರು ತಿನ್ನುವುದನ್ನೂ ನೋಡಿದ್ದೇನೆ. ‘ಸಂಖ್ಯೆ ಹೆಚ್ಚಾದರೆ ಬುದ್ಧಿ ಕೆಡುತ್ತದೆ, ಮನುಷ್ಯರದ್ದೂ ಅಷ್ಟೇ’ ಎನ್ನುತ್ತಾರೆ ನಮ್ಮ ದೊಡ್ಡಪ್ಪ. ಇದು ನಿಜವೇ? ಹಾಗೆ ಕೆಟ್ಟ ಬುದ್ಧಿ ಮರಿಗಳಿಗೂ ಬರುತ್ತದೆಯೇ?
— ಒಬ್ಬ ಓದುಗ, ಬಳ್ಳಿಗಾವಿ

ಉತ್ತರ: ನಿಮ್ಮ ದೊಡ್ಡಪ್ಪನವರ ಮಾತಿನಲ್ಲಿ ಅರ್ಧ ನಿಜವಿದೆ. ಒಂದೇ ಜಾಗದಲ್ಲಿ ಪ್ರಾಣಿಗಳ ಸಂಖ್ಯೆ ಹೆಚ್ಚಾದರೆ ಅವುಗಳ ನಡವಳಿಕೆ ಬದಲಾಗುತ್ತದೆ. ಕೆಲವು ಜೀವಿಗಳಲ್ಲಿ ಮೈಯೇ ಬದಲಾಗುತ್ತದೆ. ತಲೆಮಾರುಗಟ್ಟಲೆ ದಟ್ಟಣೆಯಲ್ಲೇ ಬದುಕಿದರೆ ಇಡೀ ಕುಲವೇ ಬದಲಾಗುತ್ತದೆ. ಆದರೆ ‘ಕೆಡುತ್ತದೆ’ ಎಂಬ ಮಾತನ್ನು ವಿಜ್ಞಾನ ಒಪ್ಪುವುದಿಲ್ಲ. ಈ ಮಾತು ವಿಜ್ಞಾನಿಗಳನ್ನೂ ಕೆಲವು ವರ್ಷ ದಾರಿ ತಪ್ಪಿಸಿತ್ತು. ಆ ಕಥೆಯ ಮುಖ್ಯ ಭಾಗ ನಡೆದದ್ದು ನಿಮ್ಮೂರಿಗೆ ದೂರವಲ್ಲದ ಧಾರವಾಡದಲ್ಲಿ.

ಮೊದಲು ನಿಮ್ಮ ದೇವಸ್ಥಾನದ ಮಂಗಗಳನ್ನೇ ನೋಡೋಣ. ಊರ ಜಾತ್ರೆಯಲ್ಲಿ ಅನ್ನಸಂತರ್ಪಣೆ ನಡೆಯುವಾಗ ಐನೂರು ಜನ ಮೊಣಕೈಗೆ ಮೊಣಕೈ ತಾಗಿಸಿ ಪಂಕ್ತಿಯಲ್ಲಿ ಕೂರುತ್ತಾರೆ. ಜಗಳವಿಲ್ಲ, ಏಕೆಂದರೆ ಎಲ್ಲರ ಮುಂದೆಯೂ ಎಲೆ ಇದೆ. ಅದೇ ಜನರ ನಡುವೆ ಒಂದು ಬುಟ್ಟಿ ಲಾಡು ಇಟ್ಟು ‘ತಗೊಳ್ಳಿ’ ಅಂದರೆ ನೂಕುನುಗ್ಗಲು. ಜನ ಬದಲಾಗಲಿಲ್ಲ, ಸಂಖ್ಯೆ ಬದಲಾಗಲಿಲ್ಲ, ಬದಲಾದದ್ದು ಊಟ ಬಡಿಸಿದ ರೀತಿ. ಕಾಡಿನ ಮರದ ಚಿಗುರು ಪಂಕ್ತಿ ಊಟದ ಹಾಗೆ: ಕೊಂಬೆ ಕೊಂಬೆಗೂ ಹರಡಿದೆ, ಒಂದು ಮಂಗ ಇನ್ನೊಂದನ್ನು ಓಡಿಸಿ ಗಳಿಸುವುದೇನೂ ಇಲ್ಲ. ಪ್ರವಾಸಿ ಎಸೆದ ಬಾಳೆಹಣ್ಣು ಬುಟ್ಟಿಯ ಲಾಡು. ಅದನ್ನು ಒಬ್ಬನೇ ಹಿಡಿದಿಟ್ಟುಕೊಳ್ಳಬಹುದು, ಹಾಗಾಗಿ ಹೊಡೆದಾಡಿದವನಿಗೆ ಲಾಭವಿದೆ.

ಈ ಲೆಕ್ಕ ಗುಂಪಿನ ರಚನೆಯವರೆಗೂ ಹೋಗುತ್ತದೆ. ನಮ್ಮ ಕೆಂಪುಮೂತಿಯ ಮಂಗಗಳು ಸಾಮಾನ್ಯವಾಗಿ ಹಲವು ಗಂಡು, ಹಲವು ಹೆಣ್ಣುಗಳ ದೊಡ್ಡ ಗುಂಪಿನಲ್ಲಿ ಬದುಕುತ್ತವೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು ಬಂಡೀಪುರ–ಮುದುಮಲೆ ಕಡೆ ಒಂದೇ ಗಂಡು ಇರುವ ಚಿಕ್ಕ ಗುಂಪುಗಳನ್ನೂ ಕಂಡರು. ಪ್ರವಾಸಿಗರು ತಿನಿಸು ಕೊಡುವ ರಸ್ತೆಬದಿಗೂ ಇಂಥ ಗುಂಪುಗಳಿಗೂ ನಂಟಿದೆ ಎಂಬುದು ಅವರ ವಿವರಣೆ. ನಾವು ಎಸೆಯುವ ತಿನಿಸು ಮಂಗಗಳ ಮನೆತನದ ಸ್ವರೂಪವನ್ನೇ ತಿದ್ದಬಲ್ಲದು ಎಂದಾಯಿತು.

ಹಾಗಾದರೆ ‘ಸಂಖ್ಯೆ ಹೆಚ್ಚಾದರೆ ಬುದ್ಧಿ ಕೆಡುತ್ತದೆ’ ಎಂಬ ಮಾತು ಇಷ್ಟು ಗಟ್ಟಿಯಾಗಿ ಎಲ್ಲಿಂದ ಬಂತು? ಅಮೆರಿಕದ ಜಾನ್ ಕ್ಯಾಲ್ಹೂನ್ ಎಂಬ ವಿಜ್ಞಾನಿ 1962ರಲ್ಲಿ ಒಂದು ಲೇಖನ ಬರೆದ. ಹೊಟ್ಟೆ ತುಂಬ ಆಹಾರ ಕೊಟ್ಟು, ಜಾಗ ಮಾತ್ರ ಹೆಚ್ಚಿಸದೆ ಸಾಕಿದ ಇಲಿಗಳಲ್ಲಿ ತಾಯಂದಿರು ಮರಿಗಳನ್ನು ಮರೆತವು, ಗಂಡುಗಳು ಕಾರಣವಿಲ್ಲದೆ ಕಚ್ಚಿದವು ಎಂದು ವರದಿ ಮಾಡಿದ. 1968ರಲ್ಲಿ ನಾಲ್ಕು ಜೋಡಿ ಚಿಕ್ಕಿಲಿಗಳಿಂದ ಇನ್ನೊಂದು ಪ್ರಯೋಗ ಶುರು ಮಾಡಿದ. ಅವು 2,200ರವರೆಗೆ ಬೆಳೆದು, ಆಮೇಲೆ ಮರಿ ಹಾಕುವುದನ್ನೇ ನಿಲ್ಲಿಸಿ, ಕೊನೆಗೆ ನಿರ್ವಂಶವಾದವು. ಪತ್ರಿಕೆಗಳು ಇದನ್ನು ನಗರಗಳ ಭವಿಷ್ಯ ಎಂದು ಓದಿದವು. ನಿಮ್ಮೂರಿನ ತ್ರಿಪುರಾಂತಕೇಶ್ವರ ದೇವಸ್ಥಾನದಲ್ಲಿ ಪಂಚತಂತ್ರದ ಕಥೆಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರಲ್ಲ, ಪ್ರಾಣಿಯನ್ನು ತೋರಿಸಿ ಮನುಷ್ಯನಿಗೆ ಬುದ್ಧಿ ಹೇಳುವ ಅಭ್ಯಾಸ ಅಷ್ಟು ಹಳೆಯದು. ಕ್ಯಾಲ್ಹೂನನ ಇಲಿಗಳೂ ಹೀಗೆ ನೀತಿಕಥೆಯಾದವು. ಆದರೆ ಆ ಇಲಿಗಳಿಗೆ ಓಡಿಹೋಗಲು ದಾರಿಯೇ ಇರಲಿಲ್ಲ ಎಂಬುದನ್ನು ಓದಿದವರು ಮರೆತರು. ಗದ್ದೆಯ ಇಲಿ ಜಾಗ ಸಾಲದಾದರೆ ಪಕ್ಕದ ಬದುವಿಗೆ ಹೋಗುತ್ತದೆ.

ಬುದ್ಧಿವಂತ ಪ್ರಾಣಿಗಳಲ್ಲಂತೂ ಚಿತ್ರವೇ ಬೇರೆ. ಹಾಲೆಂಡಿನ ಆರ್ನೆಮ್ ಮೃಗಾಲಯದ ಚಿಂಪಾಂಜಿಗಳನ್ನು ಚಳಿಗಾಲದಲ್ಲಿ ಒಳಗೆ ಕೂಡುತ್ತಿದ್ದರು. ಆಗ ಅವಕ್ಕೆ ಸಿಗುತ್ತಿದ್ದ ಜಾಗ ಬೇಸಿಗೆಯಲ್ಲಿ ಸಿಗುತ್ತಿದ್ದುದರ ಇಪ್ಪತ್ತರಲ್ಲಿ ಒಂದು ಪಾಲು. ಜಗಳ ಇಪ್ಪತ್ತು ಪಟ್ಟು ಆಯಿತೇ? ಎರಡು ಪಟ್ಟೂ ಆಗಲಿಲ್ಲ ಎಂದು ಫ್ರಾನ್ಸ್ ಡಿ ವಾಲ್ ಮತ್ತು ಜೊತೆಗಾರರು 1982ರಲ್ಲಿ ಬರೆದರು. ಅವು ಒಂದರ ಮೈಯ ಹೇನು ಇನ್ನೊಂದು ಹೆಕ್ಕುವುದು ಹೆಚ್ಚಾಯಿತು, ದೊಡ್ಡದರ ಮುಂದೆ ತಲೆ ತಗ್ಗಿಸುವುದು ಹೆಚ್ಚಾಯಿತು. ಬಸ್ಸು ತುಂಬಿದಾಗ ನಾವು ‘ಸ್ವಲ್ಪ ಸರೀರಿ ಅಣ್ಣಾ’ ಎಂದು ದನಿ ಮೆತ್ತಗೆ ಮಾಡುವ ಹಾಗೆ.

ಈಗ ಧಾರವಾಡಕ್ಕೆ ಬರೋಣ. 1961ರಿಂದ 1963ರವರೆಗೆ ಜಪಾನಿನ ಯುಕಿಮಾರು ಸುಗಿಯಾಮಾ, ಕೆಂಜಿ ಯೋಶಿಬಾ ಮತ್ತು ಭಾರತದ ಎಂ. ಡಿ. ಪಾರ್ಥಸಾರಥಿ ಧಾರವಾಡದ ಪಶ್ಚಿಮಕ್ಕಿರುವ ಕಾಡಿನಲ್ಲಿ ಮುಸಿಯಗಳ, ಅಂದರೆ ಕರಿಮೂತಿ ಉದ್ದಬಾಲದ ಲಂಗೂರಗಳ ಅಧ್ಯಯನ ಮಾಡಿದರು. ಅಲ್ಲಿ ಚದರ ಕಿಲೋಮೀಟರಿಗೆ ನೂರರ ಆಸುಪಾಸು ಮುಸಿಯಗಳಿದ್ದವು. ಇದಕ್ಕೂ ಕೆಲವೇ ವರ್ಷ ಮೊದಲು ಫಿಲಿಸ್ ಜೇ ಎಂಬ ಅಮೆರಿಕದ ವಿದ್ವಾಂಸೆ ಉತ್ತರ ಭಾರತದ ಹಳ್ಳಿಯೊಂದರ ಬಳಿ ನೋಡಿದ ಮುಸಿಯಗಳು ಅಷ್ಟೇ ಜಾಗದಲ್ಲಿ ಬೆರಳಲ್ಲಿ ಎಣಿಸುವಷ್ಟಿದ್ದವು, ಮತ್ತು ಆಕೆ ಕಂಡದ್ದು ಶಾಂತ ಸಂಸಾರ. ಧಾರವಾಡದಲ್ಲಿ ಹಾಗಿರಲಿಲ್ಲ. ಹೆಚ್ಚಿನ ಗುಂಪುಗಳಲ್ಲಿ ಒಂದೇ ದೊಡ್ಡ ಗಂಡು, ಉಳಿದ ಗಂಡುಗಳೆಲ್ಲ ಬೇರೆ ತಂಡ ಕಟ್ಟಿಕೊಂಡು ಹೊರಗೆ ಅಲೆಯುತ್ತಿದ್ದವು. 1962ರಲ್ಲಿ ಏಳು ಗಂಡುಗಳ ತಂಡವೊಂದು ಒಂದು ಗುಂಪಿನ ಮೇಲೆ ಬಿದ್ದು ಯಜಮಾನನನ್ನು ಓಡಿಸಿತು. ಆ ಏಳರಲ್ಲಿ ಒಂದು ಉಳಿದ ಆರನ್ನೂ ಅಟ್ಟಿ ಗುಂಪಿಗೆ ತಾನೇ ಒಡೆಯನಾಯಿತು. ಆಮೇಲೆ ಆ ಗುಂಪಿನ ಎಳೆಮರಿಗಳನ್ನು ಒಂದೊಂದಾಗಿ ಕಚ್ಚಿ ಕೊಂದಿತು. ಮರಿ ಕಳೆದುಕೊಂಡ ತಾಯಂದಿರು ಬೇಗನೆ ಬೆದೆಗೆ ಬಂದು ಅದೇ ಗಂಡಿನೊಡನೆ ಕೂಡಿದವು.

ಸುಗಿಯಾಮಾ 1965ರಲ್ಲಿ ಇದನ್ನು ಪ್ರಕಟಿಸಿದಾಗ ಹಲವರಿಗೆ ನಂಬುವುದೇ ಕಷ್ಟವಾಯಿತು. ಕ್ಯಾಲ್ಹೂನನ ಇಲಿಗಳು ಆಗಿನ್ನೂ ಹೊಸ ಸುದ್ದಿ. ಹಾಗಾಗಿ ಸುಲಭದ ವಿವರಣೆಯೊಂದು ಸಿಕ್ಕಿತು: ಧಾರವಾಡದಲ್ಲಿ ಮುಸಿಯಗಳು ಕಿಕ್ಕಿರಿದಿವೆ, ಒತ್ತಡಕ್ಕೆ ತಲೆ ಕೆಟ್ಟಿದೆ, ಇದು ಸಹಜ ನಡವಳಿಕೆಯಲ್ಲ. ನಿಮ್ಮ ದೊಡ್ಡಪ್ಪ ಹೇಳುವುದೂ ಇದನ್ನೇ.

ಈ ನಂಬಿಕೆಯನ್ನು ಪರೀಕ್ಷಿಸಲೆಂದೇ ಸಾರಾ ಹರ್ಡಿ ಎಂಬ ಹಾರ್ವರ್ಡ್ ವಿದ್ಯಾರ್ಥಿನಿ 1971ರಲ್ಲಿ ರಾಜಸ್ಥಾನದ ಅಬು ಪರ್ವತಕ್ಕೆ ಬಂದರು. ಅಲ್ಲಿ ಕಂಡದ್ದು ಬೇರೆ. ಮರಿಗಳು ಸಾಯುತ್ತಿದ್ದುದು ಗುಂಪು ಕಿಕ್ಕಿರಿದಾಗ ಅಲ್ಲ, ಹೊರಗಿನ ಗಂಡು ಬಂದು ಯಜಮಾನಿಕೆ ಹಿಡಿದಾಗ. ಕೊಲ್ಲುವ ಗಂಡು ಸಿಕ್ಕ ಸಿಕ್ಕ ಮರಿಯನ್ನೆಲ್ಲ ಕೊಲ್ಲುವುದಿಲ್ಲ, ಕೊಲ್ಲುವುದು ಹಿಂದಿನ ಗಂಡಿನ ಮರಿಗಳನ್ನು. ಲೆಕ್ಕ ಕ್ರೂರವಾದರೂ ಸರಳ. ಮೊಲೆಯುಣಿಸುವ ಹೆಣ್ಣು ಬೆದೆಗೆ ಬರುವುದಿಲ್ಲ. ಅಬುವಿನಲ್ಲಿ ಒಂದು ಗಂಡಿನ ಯಜಮಾನಿಕೆ ಸರಾಸರಿ ಎರಡು ವರ್ಷ ಚಿಲ್ಲರೆ. ಮರಿಗಳು ಹಾಲು ಬಿಡುವವರೆಗೆ ಕಾದರೆ ತನ್ನ ಕಾಲವೇ ಮುಗಿದು ಹೋಗಬಹುದು. ಕಾಯದ ಗಂಡಿನ ಮರಿಗಳು ಮುಂದಿನ ತಲೆಮಾರಿನಲ್ಲಿ ಹೆಚ್ಚು ಉಳಿಯುತ್ತವೆ, ಅದರ ಜೊತೆ ಆ ಗುಣವೂ ಉಳಿಯುತ್ತದೆ. ಹೆಣ್ಣುಗಳೂ ಸುಮ್ಮನಿಲ್ಲ. ಆಗಲೇ ಬಸುರಾದ ಹೆಣ್ಣು ಕೂಡ ಹೊಸ ಗಂಡಿನೊಡನೆ ಕೂಡುತ್ತದೆ. ಹುಟ್ಟುವ ಮರಿ ಯಾರದ್ದೆಂಬ ಲೆಕ್ಕ ತಪ್ಪಿಸುವ ಉಪಾಯ ಇದು ಎಂದು ಹರ್ಡಿ ಓದಿದರು.

ಈ ವಾದಕ್ಕೆ ಗಟ್ಟಿ ಸಾಕ್ಷಿ ಸಿಗಲು 1999ರವರೆಗೆ ಕಾಯಬೇಕಾಯಿತು. ನೇಪಾಳದ ರಾಮನಗರದ ಕಾಡಿನಲ್ಲಿ ಕರೋಲಾ ಬೋರಿಸ್ ಮತ್ತು ಸಂಗಡಿಗರು ಮುಸಿಯಗಳ ಹಿಕ್ಕೆಯಿಂದ ಡಿಎನ್‌ಎ ತೆಗೆದು ನೋಡಿದರು. ಮರಿಗಳ ಮೇಲೆ ಎರಗಿದ ಗಂಡುಗಳಲ್ಲಿ ಒಂದೂ ತಾನು ಎರಗಿದ ಮರಿಯ ತಂದೆಯಾಗಿರಲಿಲ್ಲ. ತಲೆ ಕೆಟ್ಟ ಪ್ರಾಣಿ ಇಷ್ಟು ಕರಾರುವಾಕ್ಕಾಗಿ ಆಯ್ಕೆ ಮಾಡುವುದಿಲ್ಲ.

ಹಾಗೆಂದು ದಟ್ಟಣೆಗೆ ಇಲ್ಲಿ ಕೆಲಸವೇ ಇಲ್ಲ ಎನ್ನಲಾಗದು. ಮುಸಿಯಗಳು ಹೆಚ್ಚಿರುವ ಕಡೆ ಗುಂಪಿಲ್ಲದ ಗಂಡುಗಳೂ ಹೆಚ್ಚು. ಅವು ಹೆಚ್ಚಾದಷ್ಟೂ ದಾಳಿ ಹೆಚ್ಚು, ಯಜಮಾನಿಕೆ ಕೈ ಬದಲಾಗುವುದು ಹೆಚ್ಚು, ಮರಿಗಳ ಸಾವೂ ಹೆಚ್ಚು. ದಟ್ಟಣೆ ಮುಸಿಯದ ಸ್ವಭಾವವನ್ನು ಹುಟ್ಟಿಸಲಿಲ್ಲ. ಇದ್ದ ಸ್ವಭಾವ ಹೊರಬೀಳುವ ಸಂದರ್ಭಗಳನ್ನು ಹೆಚ್ಚಿಸಿತು.

ಇಲ್ಲಿಯವರೆಗೆ ಹೇಳಿದ್ದು ನಡತೆಯ ಮಾತು. ಮೈಯೇ ಬದಲಾಗುವುದನ್ನು ನೋಡಲು ನೀವು ದೂರ ಹೋಗಬೇಕಿಲ್ಲ, ಭತ್ತದ ಗದ್ದೆಗೆ ಇಳಿದರೆ ಸಾಕು. ಬುಡದಲ್ಲಿ ಕೂತು ರಸ ಹೀರುವ ಕಂದು ಜಿಗಿಹುಳು ಶಿಕಾರಿಪುರ, ಸೊರಬದ ರೈತರಿಗೆ ಹೊಸಬನಲ್ಲ. ಅದು ಹೆಚ್ಚಾದಾಗ ಗದ್ದೆಯ ನಡುನಡುವೆ ಬೆಂಕಿ ಬಿದ್ದಂತೆ ದುಂಡಗೆ ಒಣಗುತ್ತದೆ. ಈ ಹುಳದಲ್ಲಿ ಎರಡು ರೂಪ. ಒಂದಕ್ಕೆ ಉದ್ದ ರೆಕ್ಕೆ, ಅದು ಹಾರುತ್ತದೆ, ಗಾಳಿ ಸಿಕ್ಕರೆ ನೂರಾರು ಕಿಲೋಮೀಟರ್ ಹೋಗುತ್ತದೆ. ಇನ್ನೊಂದಕ್ಕೆ ಗಿಡ್ಡ ರೆಕ್ಕೆ, ಹಾರಲಾರದು, ಆದರೆ ಬೇಗ ಮೊಟ್ಟೆ ಇಡಲು ಶುರು ಮಾಡಿ ಹೆಚ್ಚು ಮೊಟ್ಟೆ ಇಡುತ್ತದೆ. ಗದ್ದೆಗೆ ಮೊದಲು ಬಂದು ಇಳಿಯುವುದು ಉದ್ದ ರೆಕ್ಕೆಯವು. ಪೈರು ರಸವತ್ತಾಗಿದೆ, ಅಕ್ಕಪಕ್ಕ ಯಾರೂ ಇಲ್ಲ, ಹಾಗಾಗಿ ಅವುಗಳ ಮಕ್ಕಳಲ್ಲಿ ಗಿಡ್ಡ ರೆಕ್ಕೆಯವೇ ಹೆಚ್ಚು. ಸಂಖ್ಯೆ ಏರಿ, ಪೈರು ಬಲಿತು ಸೊರಗುತ್ತ ಬಂದ ಹಾಗೆ ಮತ್ತೆ ಉದ್ದ ರೆಕ್ಕೆಯವು ಹುಟ್ಟುತ್ತವೆ.

ಮರಿಹುಳುವಾಗಿದ್ದಾಗ ಕಂಡ ದಟ್ಟಣೆ ಮತ್ತು ಕುಡಿದ ರಸದ ಗುಣ, ಇವೆರಡೂ ಸೇರಿ ರೆಕ್ಕೆಯನ್ನು ನಿರ್ಧರಿಸುತ್ತವೆ. ಚೀನಾದ ವಿಜ್ಞಾನಿಗಳು 2015ರಲ್ಲಿ ಇದರ ಕೀಲಿಯನ್ನು ಹುಡುಕಿದರು: ಹುಳದ ಮೈಯಲ್ಲಿ ಇನ್ಸುಲಿನ್ ಸಂದೇಶ ಹಿಡಿಯುವ ಎರಡು ಗ್ರಾಹಕಗಳಿವೆ, ಒಂದು ಉದ್ದ ರೆಕ್ಕೆಯ ಕಡೆಗೆ ತಿರುಗಿಸುತ್ತದೆ, ಇನ್ನೊಂದು ಗಿಡ್ಡ ರೆಕ್ಕೆಯ ಕಡೆಗೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಈ ಹುಳದಲ್ಲೇ ಇದೆ. ಉದ್ದ ರೆಕ್ಕೆಯ ತಾಯಿಗೆ ಗಿಡ್ಡ ರೆಕ್ಕೆಯ ಮಕ್ಕಳು ಹುಟ್ಟುವುದರಿಂದ, ಬಳುವಳಿಯಾಗಿ ಬರುವುದು ರೆಕ್ಕೆಯಲ್ಲ. ‘ಗುಂಪು ಕಿಕ್ಕಿರಿದರೆ ರೆಕ್ಕೆ ಬೆಳೆಸು, ಇಲ್ಲದಿದ್ದರೆ ಮೊಟ್ಟೆಗೆ ಶಕ್ತಿ ಉಳಿಸು’ ಎಂಬ ಕಟ್ಟಳೆ ಬಳುವಳಿ. ಆ ಕಟ್ಟಳೆಯನ್ನು ರೂಪಿಸಿದ್ದು ಸಾವಿರಾರು ತಲೆಮಾರುಗಳ ನಿಸರ್ಗದ ಆಯ್ಕೆ. ಮಿಡತೆಯದ್ದೂ ಇದೇ ಕಥೆ. ಒಂಟಿಯಾಗಿ ಬದುಕುವ ಮಿಡತೆ ಮತ್ತು ಆಕಾಶ ಮುಚ್ಚುವ ದಂಡಿನ ಮಿಡತೆ ಬೇರೆ ಬೇರೆ ಜಾತಿ ಎಂದು ತಿಳಿದಿದ್ದವರಿಗೆ, ಎರಡೂ ಒಂದೇ ಎಂದು ಬೋರಿಸ್ ಉವಾರೋವ್ 1921ರಲ್ಲಿ ತೋರಿಸಿಕೊಟ್ಟ. ಮರುಭೂಮಿ ಮಿಡತೆಯ ಹಿಂಗಾಲಿಗೆ ಇತರ ಮಿಡತೆಗಳು ಪದೇ ಪದೇ ತಾಗಿದರೆ ಕೆಲವೇ ಗಂಟೆಗಳಲ್ಲಿ ಅದು ದೂರ ಸರಿಯುವುದನ್ನು ಬಿಟ್ಟು ಗುಂಪಿನತ್ತ ನಡೆಯುತ್ತದೆ. ಸೆರೊಟೋನಿನ್ ಎಂಬ ರಾಸಾಯನಿಕ ಇದಕ್ಕೆ ಕಾರಣ ಎಂದು 2009ರಲ್ಲಿ ಗೊತ್ತಾಯಿತು.

ಇನ್ನು ಕುಲವೇ ಬದಲಾಗುವುದು. ಇದನ್ನು ಕಣ್ಣೆದುರೇ ನೋಡಿದವರು ಬೆಂಗಳೂರಿನ ಜಕ್ಕೂರಿನಲ್ಲಿದ್ದಾರೆ. ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅಮಿತಾಭ್ ಜೋಶಿ ಮತ್ತು ಅವರ ವಿದ್ಯಾರ್ಥಿಗಳು ಸಾಕಿದ್ದು ಮಾಗಿದ ಬಾಳೆಹಣ್ಣಿನ ಸುತ್ತ ಹಾರುವ ಸಣ್ಣ ನೊಣಗಳನ್ನು. ಒಂದು ಸೀಸೆಯಲ್ಲಿ ಆರು ಮಿಲಿಲೀಟರ್ ಆಹಾರ, ಅರವತ್ತೆಂಬತ್ತು ಮೊಟ್ಟೆ. ಇನ್ನೊಂದರಲ್ಲಿ ಒಂದೂವರೆ ಮಿಲಿಲೀಟರ್ ಆಹಾರ, ಆರುನೂರರಷ್ಟು ಮೊಟ್ಟೆ. ಬದುಕಿ ನೊಣವಾದವುಗಳ ಮೊಟ್ಟೆಯಿಂದ ಮುಂದಿನ ತಲೆಮಾರು. ಹೀಗೆ ತಲೆಮಾರಿನ ಮೇಲೆ ತಲೆಮಾರು. ಇಲ್ಲಿ ಯಾವ ಹುಳವೂ ತನ್ನ ಬುದ್ಧಿ ಬದಲಿಸಿ ಮಕ್ಕಳಿಗೆ ಕೊಡಲಿಲ್ಲ. ಕಿಕ್ಕಿರಿದ ಸೀಸೆಯಲ್ಲಿ ಬದುಕಲು ಹೊಂದುವ ಗುಣವಿದ್ದವು ಉಳಿದವು, ಇಲ್ಲದವು ಅಲ್ಲೇ ಸತ್ತವು. ಅಷ್ಟರಿಂದಲೇ ಕುಲ ಬದಲಾಯಿತು.

ಹೇಗೆ ಬದಲಾಯಿತು ಎಂಬುದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಇದಕ್ಕೂ ಮೊದಲು ಅಮೆರಿಕದಲ್ಲಿ ಜೋಶಿ ಮತ್ತು ಲಾರೆನ್ಸ್ ಮುಲ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಟ್ಟಣೆಯಲ್ಲಿ ಬೆಳೆದ ಕುಲದ ಮರಿಹುಳುಗಳು ಹೆಚ್ಚು ವೇಗವಾಗಿ ತಿನ್ನುತ್ತಿದ್ದವು. ಪಂಕ್ತಿಯಲ್ಲಿ ಗಬಗಬ ತಿನ್ನುವವನ ಹಾಗೆ. ಆದರೆ ಗಬಗಬ ತಿಂದದ್ದು ಮೈಗೆ ಹತ್ತುವುದು ಕಡಿಮೆ, ಅಷ್ಟೇ ಬೆಳೆಯಲು ಅವಕ್ಕೆ ಹೆಚ್ಚು ಆಹಾರ ಬೇಕಾಯಿತು ಎಂದು ಮುಲ್ಲರ್ ಆಮೇಲೆ ತೋರಿಸಿದರು. ಜಕ್ಕೂರಿನಲ್ಲಿ ಮೂರು ಜಾತಿಯ ನೊಣಗಳ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಫಲ ಬೇರೆಯಾಯಿತು. ಈ ಕುಲಗಳೂ ಪೈಪೋಟಿಯಲ್ಲಿ ಗೆಲ್ಲುತ್ತಿದ್ದವು, ಆದರೆ ತಿನ್ನುವ ವೇಗ ಹೆಚ್ಚಿರಲಿಲ್ಲ. ಬೇಗ ಬೆಳೆದು ಮುಗಿಸುವುದು ಅವುಗಳ ದಾರಿಯಾಗಿತ್ತು. ಕಾರಣ ಹುಡುಕಿದಾಗ ಸಿಕ್ಕಿದ್ದು, ಆಹಾರ ಎಷ್ಟಿತ್ತು, ಮೊಟ್ಟೆ ಎಷ್ಟಿತ್ತು, ಸೀಸೆ ಯಾವ ಆಕಾರದ್ದು ಎಂಬ ಸಣ್ಣ ವಿವರಗಳು. ಮಿಲಿಲೀಟರಿಗೆ ಇಷ್ಟು ಮೊಟ್ಟೆ ಎಂಬ ಲೆಕ್ಕ ಒಂದೇ ಇದ್ದರೂ, ಈ ವಿವರ ಬೇರೆಯಾದರೆ ವಿಕಾಸದ ದಾರಿಯೂ ಬೇರೆಯಾಗುತ್ತದೆ.

1967ರಲ್ಲಿ ಮೆಕಾರ್ಥರ್ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳು, ದಟ್ಟಣೆ ಕಡಿಮೆ ಇದ್ದಲ್ಲಿ ಬೇಗ ಬೇಗ ಹೆರುವವು, ಹೆಚ್ಚಿದ್ದಲ್ಲಿ ಇದ್ದುದರಲ್ಲೇ ಬಾಳುವವು ಗೆಲ್ಲುತ್ತವೆ ಎಂದು ಸೂತ್ರ ಕಟ್ಟಿದ್ದರು. ಸೂತ್ರ ಚೆನ್ನಾಗಿದೆ, ಆದರೆ ನೊಣದ ಸೀಸೆಯೇ ಅದಕ್ಕೆ ಪೂರ್ತಿ ಮಣಿಯಲಿಲ್ಲ. ತಲೆ ಎಣಿಸಿದರೆ ಸಾಲದು, ಎಲೆಯ ಮೇಲೆ ಏನಿದೆ, ಹೇಗೆ ಬಡಿಸಿದೆ ಎಂದೂ ನೋಡಬೇಕು.

ಕೊನೆಯಲ್ಲಿ ನಿಮ್ಮ ಸುತ್ತಮುತ್ತಲಿನ ಎರಡು ಜಾಗಗಳ ಮಾತು. ಮೊದಲನೆಯದು ಸೊರಬ ತಾಲ್ಲೂಕಿನ ಗುಡವಿ. 0.74 ಚದರ ಕಿಲೋಮೀಟರಿನ ಆ ಪಕ್ಷಿಧಾಮದಲ್ಲಿ ಮಳೆಗಾಲದಲ್ಲಿ ಬಿಳಿ ಕೆಂಬರಲು, ನೀರುಕಾಗೆ, ಬಕಗಳು ನೀರಲ್ಲಿ ನಿಂತ ಮರಗಳ ಮೇಲೆ ಗೂಡಿಗೆ ಗೂಡು ತಾಗುವಂತೆ ಕಟ್ಟುತ್ತವೆ. ಪಕ್ಕದ ಹಕ್ಕಿಯ ಕೊಕ್ಕು ತಾಗುವಷ್ಟು ಹತ್ತಿರ. ಇಷ್ಟು ದೊಡ್ಡ ಮಲೆನಾಡಿನಲ್ಲಿ ಅವಕ್ಕೆ ಬೇರೆ ಮರವಿಲ್ಲವೇ? ಇದೆ. ಆದರೆ ಸುತ್ತ ನೀರಿರುವ ಮರಕ್ಕೆ ಕಾಡುಬೆಕ್ಕು ಸುಲಭವಾಗಿ ಹತ್ತಲಾರದು, ಗಿಡುಗ ಬಂದರೆ ನೂರು ಕಣ್ಣು ಕಾಣುತ್ತವೆ, ಸಾವಿರ ಮರಿಗಳಲ್ಲಿ ನನ್ನದೇ ಹೋಗುವ ಸಂಭವ ಕಡಿಮೆ. ಇಂಥ ಹಕ್ಕಿಗಳಿಗೆ ಕಷ್ಟ ಬರುವುದು ಸಂಖ್ಯೆ ಹೆಚ್ಚಾದಾಗ ಮಾತ್ರವಲ್ಲ, ತೀರಾ ಕಡಿಮೆಯಾದಾಗಲೂ. ನಾಲ್ಕೈದು ಜೋಡಿ ಉಳಿದರೆ ಕಾವಲಿಗೆ ಕಣ್ಣು ಸಾಲುವುದಿಲ್ಲ.

ಎರಡನೆಯದು ಅದೇ ತಾಲ್ಲೂಕಿನ ಕ್ಯಾಸನೂರು ಕಾಡು. 1957ರಲ್ಲಿ ಅಲ್ಲಿ ಮುಸಿಯಗಳೂ ಮಂಗಗಳೂ ಸಾಲುಸಾಲಾಗಿ ಸತ್ತವು, ಜನರೂ ಕಾಯಿಲೆ ಬಿದ್ದರು. ಲೋಕದ ವೈದ್ಯಗ್ರಂಥಗಳಲ್ಲಿ ಇಂದಿಗೂ ಆ ಕಾಯಿಲೆಗೆ ಕ್ಯಾಸನೂರಿನದೇ ಹೆಸರು, ನಮ್ಮ ಬಾಯಲ್ಲಿ ಮಂಗನ ಕಾಯಿಲೆ. ಹರಡುವುದು ಉಣುಗಿನಿಂದ. ಗುಂಪಿನಲ್ಲಿ ಬದುಕುವುದಕ್ಕೆ ತೆರಬೇಕಾದ ಬೆಲೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಉದಾಹರಣೆ ಕಡಿಮೆ. ಒಂದು ಮಂಗ ಸತ್ತರೆ ಅದರ ಮೈಯ ಉಣುಗುಗಳು ಅಲ್ಲೇ ಉದುರುತ್ತವೆ, ಅದೇ ದಾರಿಯಲ್ಲಿ ಓಡಾಡುವ ಉಳಿದ ಮಂಗಗಳಿಗೂ ಸೊಪ್ಪು ಸೌದೆಗೆ ಹೋದ ಜನರಿಗೂ ಹತ್ತುತ್ತವೆ. ಕಾಡಂಚಿನಲ್ಲಿ ದನ ಮೇಯುವುದು ಹೆಚ್ಚಾದರೆ ಬೆಳೆದ ಉಣುಗಿಗೆ ರಕ್ತ ಧಾರಾಳವಾಗಿ ಸಿಕ್ಕಿ ಅದರ ಸಂತಾನ ಹೆಚ್ಚುತ್ತದೆ. ಅಲ್ಲಿ ಲೆಕ್ಕಕ್ಕೆ ಬರುವುದು ಮಂಗಗಳ ದಟ್ಟಣೆ ಒಂದೇ ಅಲ್ಲ. ಉಣುಗಿನದ್ದು, ದನದ್ದು, ನಮ್ಮದು, ಎಲ್ಲವೂ.

ಹಾಗಾಗಿ ದೊಡ್ಡಪ್ಪನವರಿಗೆ ಹೀಗೆ ಹೇಳಿ: ಸಂಖ್ಯೆ ಹೆಚ್ಚಾದರೆ ಬುದ್ಧಿ ಕೆಡುವುದಿಲ್ಲ, ಲಾಭನಷ್ಟದ ಲೆಕ್ಕ ಬದಲಾಗುತ್ತದೆ. ಮರಿಗಳಿಗೆ ಬರುವುದು ಅಪ್ಪ ಅಮ್ಮನ ಜಗಳವಲ್ಲ, ಯಾವ ಸಂದರ್ಭದಲ್ಲಿ ಜಗಳವಾಡಬೇಕೆಂಬ ಕಟ್ಟಳೆ. ದೇವಸ್ಥಾನದ ಮಂಗಗಳ ಕಚ್ಚಾಟ ನಿಲ್ಲಬೇಕಾದರೆ ಬಾಳೆಹಣ್ಣು ಎಸೆಯುವುದು ನಿಲ್ಲಲಿ. ಕಾಡಿನಲ್ಲಾಗಲಿ ತೋಟದಲ್ಲಾಗಲಿ ಮಂಗವೋ ಮುಸಿಯವೋ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.